ಎಸ್‌ಟಿಜೆಡ್ ಕೊಟ್ಟ ರಾತ್ರೀನೇ ಇಲಿ ಸತ್ತೋಗ್ತಿವೆ, ಯಾರಾದ್ರೂ ಮಾಡಿದ್ರೆ ಹೇಳಿ

ಎಂ.ಫಾರ್ಮ್ ಎರಡನೇ ವರ್ಷ. ಮಧುನಾಶಿನಿ ಎಲೆ ಎಕ್ಸ್‌ಟ್ರಾಕ್ಟ್ ಶುಗರ್ ಇಳಿಸುತ್ತಾ ನೋಡೋ ಪ್ರಾಜೆಕ್ಟು. ಇಲಿಗೆ ಶುಗರ್ ಕಾಯಿಲೆ ಬರ್ಸೋಕೆ ಎಸ್‌ಟಿಜೆಡ್ (ಸ್ಟ್ರೆಪ್ಟೋಜೋಟೋಸಿನ್) ಇಂಜೆಕ್ಷನ್ ಕೊಟ್ಟ 12 ಇಲೀಲಿ ಬೆಳಗಾಗೋದ್ರೊಳಗೆ 5 ಹೋಗಿದ್ವು, ಇನ್ನು 3ಕ್ಕೆ ಶುಗರ್ ಏರಲೇ ಇಲ್ಲ. ಎಥಿಕ್ಸ್ ಕಮಿಟಿ ಮುಂದೆ ಮತ್ತೆ ಇಲಿ ಕೇಳೋಕೆ ಮುಖ ಇಲ್ಲ. ಎಲ್ಲಿ ಎಡವಿದೀನಿ?

---

ನಂದೂ ಇದೇ ಕತೆ ಆಗಿತ್ತು. ಎಸ್‌ಟಿಜೆಡ್ ಪ್ಯಾಂಕ್ರಿಯಾಸ್‌ನ ಬೀಟಾ ಜೀವಕೋಶ ಒಡೆದುಹಾಕುತ್ತೆ, ಒಡೆಯುವಾಗ ಅದರೊಳಗಿದ್ದ ಇನ್ಸುಲಿನ್ ಎಲ್ಲಾ ಒಟ್ಟಿಗೆ ರಕ್ತಕ್ಕೆ ಸುರಿಯುತ್ತೆ, ಹಂಗಾಗಿ ಶುಗರ್ ಏರೋಕ್ ಮುಂಚೆ ಮೊದಲು ಪಾತಾಳಕ್ಕೆ ಬೀಳುತ್ತೆ, ಉಪವಾಸ ಬೇರೆ ಹಾಕಿರ್ತೀವಿ, ಇಲಿ ಸಾಯೋದು ಅವಾಗ. ಇಂಜೆಕ್ಷನ್ ಆದ್ಮೇಲೆ ಆ ರಾತ್ರಿ ನೀರಿನ ಬಾಟಲೀಲಿ ಬರೀ ನೀರಲ್ಲ, 5 ಪರ್ಸೆಂಟ್ ಗ್ಲೂಕೋಸ್ ಇಡಿ. ನಾನು ಇದೊಂದು ಮಾಡಿದ್ಮೇಲೆ ಎರಡನೇ ಬ್ಯಾಚಲ್ಲಿ ಒಂದೇ ಒಂದು ಹೋಯ್ತು. ಶುಗರ್ 72 ಗಂಟೆ ಆದ್ಮೇಲೆ ನೋಡಿ, 250 ದಾಟಿದ್ದನ್ನ ಮಾತ್ರ ಗ್ರೂಪಿಗೆ ಹಾಕಿ. ಆಮೇಲೆ ಡಯಾಬಿಟಿಕ್ ಕಂಟ್ರೋಲ್ ಗ್ರೂಪಲ್ಲಿ (ಶುಗರ್ ಬರಿಸಿ ಎಲೆ ಕೊಡದೇ ಬಿಡೋ ಇಲಿಗಳು) ಕಂಜೂಸ್ ಮಾಡ್ಬೇಡಿ, ಡೋಸ್ ಕಮ್ಮಿ ಬಿದ್ದ ಇಲಿಗಳು ಒಂದೆರಡು ವಾರದಲ್ಲಿ ತಾವೇ ಸುಧಾರಿಸ್ಕೊಂಡುಬಿಡ್ತವೆ, ಕ್ರೆಡಿಟ್ ಮಾತ್ರ ಎಲೆಗೆ ಹೋಗುತ್ತೆ.

---

ಮೇಲಿನವ್ರು ಹೇಳಿದ್ದು ಸಾಯೋ ಇಲಿ ಬಗ್ಗೆ, ಶುಗರ್ ಏರದೇ ಇರೋದಕ್ಕೆ ಎಸ್‌ಟಿಜೆಡ್ ಕರಗಿಸೋ ದ್ರಾವಣ, ಅಂದ್ರೆ ಬಫರ್ ನೋಡಿ. ಸಿಟ್ರೇಟ್ ಬಫರ್ ಪಿಎಚ್ 4.5 ಇರ್ಬೇಕು, ಐಸ್ ಮೇಲೆ ಇಟ್ಕೊಂಡು ಕರಗಿಸಿದ ತಕ್ಷಣ ಕೊಟ್ಬಿಡ್ಬೇಕು. ಕರಗಿಸಿಟ್ಟು ಟೀ ಕುಡಿದು ಬಂದ್ರೆ ಮುಗೀತು, ಅಷ್ಟರಲ್ಲಿ ಅದರ ಶಕ್ತಿ ಹೋಗಿರುತ್ತೆ.

---

ನಾನು ಇಲಿ ತಂಟೆಗೇ ಹೋಗ್ಲಿಲ್ಲ, ನೇರಳೆ ಬೀಜ ತಗೊಂಡು ಟೆಸ್ಟ್‌ಟ್ಯೂಬಲ್ಲೇ ಆಲ್ಫಾ ಅಮೈಲೇಸ್ (ಪಿಷ್ಟ ಒಡೆಯೋ ಎನ್‌ಜೈಮ್) ಟೆಸ್ಟ್ ಮಾಡಿದ್ದು. 90 ಪರ್ಸೆಂಟ್ ಇನ್‌ಹಿಬಿಷನ್ (ಎನ್‌ಜೈಮ್ ಕೆಲಸಕ್ಕೆ ತಡೆ) ಬಂತು ಅಂತ ಕುಣಿದಾಡ್ಬಿಟ್ಟಿದ್ದೆ. ಸೀನಿಯರ್ ಒಬ್ರು ಬಂದು ಟ್ಯೂಬ್ ಬೆಳಕಿಗೆ ಹಿಡಿದು, ತಳದಲ್ಲಿ ಕಂದು ಚರಟ ಕೂತಿದ್ಯಲ್ಲಮ್ಮಾ ಏನಿದು ಅಂದ್ರು. ಬೀಜದಲ್ಲಿರೋ ಟ್ಯಾನಿನ್ನು ಎನ್‌ಜೈಮನ್ನೇ ಹಿಡ್ಕೊಂಡು ಕೆಳಗೆ ಕೂರಿಸಿತ್ತು ಅಷ್ಟೇ, ಬಾಯಿ ಒಗರು ಮಾಡೋದೂ ಅದೇ ಗುಣ. ಟ್ಯಾನಿನ್ ತೆಗೆದು ಮಾಡಿದ್ರೆ ಅರ್ಧಕ್ಕಿಂತ ಕಮ್ಮಿಗೆ ಇಳೀತು. ಎಕ್ಸ್‌ಟ್ರಾಕ್ಟ್‌ಗೆ ತನ್ನದೇ ಬಣ್ಣ ಇರುತ್ತೆ, ಅದರದ್ದೂ ಬೇರೆ ಬ್ಲ್ಯಾಂಕ್ (ಎನ್‌ಜೈಮ್ ಹಾಕದ ಟ್ಯೂಬ್) ಇಡಿ, ಹೋಲಿಸೋಕೆ ಪಕ್ಕದಲ್ಲಿ ಇದೇ ಎನ್‌ಜೈಮ್ ತಡೆಯೋ ಮದ್ದು ಅಕಾರ್ಬೋಸ್ ಇರ್ಲೇಬೇಕು.

---

ನಾನು ಲ್ಯಾಬಿನವನಲ್ಲ, ಮನೆ ಅನುಭವ ಹೇಳ್ತೀನಿ. ಮಧುನಾಶಿನಿ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕೊಂಡ್ರೆ ಮರಳು ತಿಂದಂಗಿರುತ್ತೆ, ಅದನ್ನ ನೋಡಿ ನಮ್ಮಪ್ಪ ರಕ್ತದ ಸಕ್ಕರೇನೂ ಹಿಂಗೇ ಮಾಯ ಆಗುತ್ತೆ ಅಂತ ನಂಬಿ ಶುಗರ್ ಇಳಿಸೋ ಗ್ಲಿಮೆಪಿರೈಡ್ ಮಾತ್ರೆ ಜೊತೆಗೇ ಪುಡೀನೂ ಶುರು ಮಾಡಿದ್ರು. ಒಂದಿನ ಮಧ್ಯಾಹ್ನ ಮೈಯೆಲ್ಲಾ ಬೆವರು, ಮಾತು ತೊದಲು, ಮೀಟರಲ್ಲಿ 52. ಪುಡಿದೋ, ಊಟ ತಡ ಆಗಿದ್ದೋ, ಯಾರಿಗ್ ಗೊತ್ತು. ಮಾತ್ರೆ ಜೊತೆ ಎಕ್ಸ್‌ಟ್ರಾಕ್ಟ್ ಕೊಟ್ರೆ ಏನಾಗುತ್ತೆ ಅಂತನೂ ಒಂದು ಗ್ರೂಪ್ ಇಡಿ ಸಾರ್, ನಮ್ಮ ಮನೆಗಳಲ್ಲಿ ತಿನ್ನೋದು ಹಂಗೇ.

---

ಎಲ್ರಿಗೂ ಥ್ಯಾಂಕ್ಸ್. ಬಫರ್ ಸರಿ ಇತ್ತು, ಆದ್ರೆ ಬೆಳಗ್ಗೆ ಕರಗಿಸಿದ್ದನ್ನೇ ಊಟ ಮುಗಿಸ್ಕೊಂಡು ಬಂದು ಕೊನೇ ಪಂಜರಕ್ಕೆ ಕೊಟ್ಟಿದ್ದೆ. ಅದ್ರಲ್ಲಿದ್ದಿದ್ದು ಮೂರೇ ಇಲಿ.