ಅಪ್‌ಡೇಟ್: ಮೂರನೆಯ ನಾಯಿ ಮನೆಯೊಳಗೆ ಬಂದಳು
ಬೀದಿಯಿಂದ ತಂದ ಚುಕ್ಕಿಯನ್ನು ನಮ್ಮ ಮುಧೋಳ ನಾಯಿ ರಾಣಿ ಹತ್ತಿರ ಸೇರಿಸುತ್ತಿಲ್ಲ ಎಂದು ಕೇಳಿದ್ದೆನಲ್ಲ, ಈಗ ಇಬ್ಬರೂ ಹೊಂದಿಕೊಂಡಿದ್ದಾರೆ. (ಮನೆಯ ಇನ್ನೊಂದು ನಾಯಿ, ಮುದುಕ ಕರಿಯನಿಗೆ ಮೊದಲಿನಿಂದಲೂ ಯಾರ ಗೊಡವೆಯೂ ಇಲ್ಲ.) ಫಲ ಕೊಟ್ಟದ್ದು, ಮನೆಯಲ್ಲಿ ಮುಖಾಮುಖಿ ಮಾಡಿಸದೆ ಹೊರಗೆ ಜೊತೆಯಾಗಿ ನಡೆಸಿ ಎಂಬ ಸಲಹೆ. ಕೆರೆ ಏರಿಯ ಮೇಲೆ ರಾಣಿಯನ್ನು ನಾನು, ಚುಕ್ಕಿಯನ್ನು ತಮ್ಮ ಹಿಡಿದು, ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ ಬಿಟ್ಟು ನಡೆದೆವು. ಬರಬರುತ್ತಾ ಅಂತರ ತಾನಾಗಿ ಕಡಿಮೆಯಾಯಿತು. ಹೊದಿಕೆ ಅದಲುಬದಲು ಮಾಡಿ ವಾಸನೆ ಪರಿಚಯಿಸುವ ಉಪಾಯ ನಡೆಯಲಿಲ್ಲ. ರಾಣಿ ಅದನ್ನು ಎಳೆದೊಯ್ದು ತುಳಸಿಕಟ್ಟೆಯ ಹಿಂದೆ ಹೂತುಬಿಟ್ಟಳು!

ನನಗೆ ಹೊಸದಾಗಿ ತಿಳಿದದ್ದು: ಗುರುಗುಟ್ಟಿದಾಗ ಗದರಬಾರದು. ಅದು ಎಚ್ಚರಿಕೆ, ಅಡಗಿಸಿದರೆ ಮುಂದೆ ಸುಳಿವು ಕೊಡದೆ ಕಚ್ಚಬಹುದು. ಊಟದ ತಟ್ಟೆಗಳು ಮಾತ್ರ ಇನ್ನೂ ಬೇರೆ ಬೇರೆ ಕೋಣೆಗಳಲ್ಲಿವೆ, ಬದಲಿಸುವ ಯೋಚನೆಯೂ ಇಲ್ಲ.