ಬೆಕ್ಕು ನಾಯಿಗಳ ವೆಟ್ ಫುಡ್ ಪ್ಯಾಕಿಂಗ್ ಹೆಂಗಿದ್ರೆ ಅನುಕೂಲ? ಅನುಭವ ಇದ್ದವರು ಹೇಳಿ

ಗೋಪಾಳ, ಶಿವಮೊಗ್ಗ (ಕೇಳಿದವರು):
ಎಲ್ರಿಗೂ ನಮಸ್ಕಾರ. ನಾನು ನನ್ನ ತಂಗಿ ಸೇರ್ಕೊಂಡು ಕೋಳಿ ಮತ್ತೆ ಬೂತಾಯಿ ಮೀನಿಂದ ಬೆಕ್ಕಿಗೆ, ಸಣ್ಣ ನಾಯಿಗಳಿಗೆ ಗ್ರೇವಿ ಥರದ ವೆಟ್ ಫುಡ್ ಮಾಡಿ ಮಾರಬೇಕು ಅಂತಿದೀವಿ. ರೆಸಿಪಿನ ಪಶುವೈದ್ಯರ ಹತ್ರ ಕೂತು ಸರಿ ಮಾಡ್ಕೊಂಡಾಯ್ತು, ಸಿಕ್ಕಾಕ್ಕೊಂಡಿರೋದು ಪ್ಯಾಕಿಂಗಲ್ಲಿ. ಟಿನ್ನು ತಗೊಳ್ಳೋದಾ, ಅಲ್ಯೂಮಿನಿಯಂ ಟ್ರೇನಾ, ಪೌಚಾ? ಎಷ್ಟು ಗ್ರಾಂ ಇರಬೇಕು? ಕೈ ಹೊಲಸಾಗದೆ ತೆರೆಯೋ ಹಂಗೆ ಮಾಡೋದು ಹೆಂಗೆ? ನಮ್ಮ ಗಿರಾಕಿಗಳು ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯವರು, ಆ ಮಳೆಗೂ ಸಣ್ಣ ಅಂಗಡಿಗಳಿಗೂ ಒಗ್ಗಬೇಕು. ಬಳಸಿದವರು, ಮಾರಿದವರು, ಪ್ಯಾಕಿಂಗ್ ಕೆಲಸ ಗೊತ್ತಿದ್ದವರು ದಯವಿಟ್ಟು ಹೇಳಿ.

ಭದ್ರಾವತಿಯಿಂದ:
ನಾನು ರೆಡಿ ಟು ಈಟ್ ಊಟದ ಪೌಚ್ ಲೈನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದೀನಿ, ಮನೇಲಿ ಬೆಕ್ಕೂ ಇದಾವೆ, ಹಂಗಾಗಿ ಎರಡೂ ಕಡೆಯಿಂದ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ.

ಮೊದಲು ಒಂದು ವಿಷಯ ತಲೇಲಿ ಗಟ್ಟಿ ಮಾಡ್ಕೊಳ್ಳಿ. ವೆಟ್ ಫುಡ್ ಅಂದ್ರೆ ಮುಕ್ಕಾಲು ಪಾಲು ನೀರು, ಮೇಲೆ ಮಾಂಸ, ಹುಳಿ ಇಲ್ಲ. ಪಿಎಚ್ (ಹುಳಿ ಅಳೆಯೋ ಲೆಕ್ಕ, ಹುಳಿ ಕಮ್ಮಿ ಆದಷ್ಟೂ ಅಂಕಿ ಜಾಸ್ತಿ) 4.6ಕ್ಕಿಂತ ಮೇಲಿರೋ ಇಂಥ ಪದಾರ್ಥನ ಗಾಳಿ ಆಡದ ಹಂಗೆ ಮುಚ್ಚಿಟ್ರೆ ಬೊಟುಲಿನಮ್ ಅನ್ನೋ ವಿಷ ಮಾಡೋ ಬ್ಯಾಕ್ಟೀರಿಯಾ ಬೆಳೆಯೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಅದರ ಬೀಜಕಣ ಕುದಿಯೋ ನೀರಿಗೂ ಸಾಯಲ್ಲ. ಅದಕ್ಕೇ ಪ್ಯಾಕ್ ಮಾಡಿ ಸೀಲ್ ಹಾಕಿದ ಮೇಲೆ ರಿಟಾರ್ಟಲ್ಲಿ, ಅಂದ್ರೆ ದೊಡ್ಡ ಕುಕ್ಕರ್ ಥರದ ಯಂತ್ರದಲ್ಲಿ, 121 ಡಿಗ್ರಿ ಹತ್ರ ಬೇಯಿಸೋದು. ಪ್ಯಾಕೆಟ್ಟಿನ ನಡುಮಧ್ಯದ ಜಾಗಕ್ಕೂ 121 ಡಿಗ್ರೀಲಿ ಕಮ್ಮಿ ಅಂದ್ರೂ 3 ನಿಮಿಷ ಇಟ್ಟಿದ್ದಕ್ಕೆ ಸಮ ಆಗೋವಷ್ಟು ಶಾಖ ತಾಗಬೇಕು, ಸಾಮಾನ್ಯವಾಗಿ ಅದಕ್ಕಿಂತ ಜಾಸ್ತೀನೇ ಇಡ್ತಾರೆ. ನಿಮ್ಮ ಡಿಸೈನ್ ಎಷ್ಟೇ ಚೆಂದ ಇರಲಿ, ಈ ಶಾಖ ತಡೀದಿದ್ರೆ ಅದು ಕೆಲಸಕ್ಕೆ ಬರಲ್ಲ. ಹಾಲಿನ ಪ್ಯಾಕೆಟ್ಟಿಗೆ ಹಾಕೋ ಪಾಲಿಥೀನ್ ಅಷ್ಟು ಬಿಸಿಗೆ ಕರಗಿ ಹೋಗತ್ತೆ. ರಿಟಾರ್ಟ್ ಪೌಚಲ್ಲಿ ಹೊರಗಡೆ 12 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಪಾಲಿಯೆಸ್ಟರ್, ಆಮೇಲೆ ತೆಳು ಅಲ್ಯೂಮಿನಿಯಂ ಫಾಯಿಲ್, 15 ಮೈಕ್ರಾನ್ ನೈಲಾನ್, ಒಳಗಡೆ 70-80 ಮೈಕ್ರಾನ್ ಪಾಲಿಪ್ರೊಪಿಲೀನ್, ಹೆಚ್ಚುಕಮ್ಮಿ ಹಿಂಗೆ ನಾಲ್ಕು ಪದರ ಇರತ್ತೆ. ಇದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ, ನಮ್ಮ ಮೈಸೂರಲ್ಲಿರೋ ರಕ್ಷಣಾ ಇಲಾಖೆಯ ಆಹಾರ ಸಂಶೋಧನಾಲಯ ಡಿಎಫ್ಆರ್‌ಎಲ್‌ನವರು ಸೈನಿಕರ ಊಟಕ್ಕೆ ಅಂತ ಇದೇ ಪೌಚ್ ಮೇಲೆ ಬಹಳ ಕೆಲಸ ಮಾಡಿದಾರೆ, ಸಿಎಫ್‌ಟಿಆರ್‌ಐ ಅನ್ನೋ ಆಹಾರ ತಂತ್ರಜ್ಞಾನ ಸಂಸ್ಥೆ ಕೂಡ ಅಲ್ಲೇ ಇದೆ. ಒಂದು ಸಲ ಮೈಸೂರಿಗೆ ಹೋಗಿ ಕೂತು ಮಾತಾಡಿ.

ಈಗ ನಿಮ್ಮ ಪ್ರಶ್ನೆ. ಗ್ರೇವಿ ಆದ್ರೆ ಪೌಚ್. ಗಟ್ಟಿ ಮುದ್ದೆ ಥರದ ಪದಾರ್ಥ ಆಗಿದ್ರೆ ಟ್ರೇ ಅಂತಿದ್ದೆ, ಯಾಕಂದ್ರೆ ಟ್ರೇ ಬೋರಲು ಹಾಕಿ ಹಿಂಭಾಗ ಒತ್ತಿದ್ರೆ ಇಡಿಯಾಗಿ ಬೀಳತ್ತೆ. ಗ್ರೇವಿ ಟ್ರೇ ಮಾತ್ರ ಬೇಡ, ಮೇಲಿನ ಫಾಯಿಲ್ ಮೊದಲು ಬಿಗಿ ಇದ್ದು ಆಮೇಲೆ ತಟಕ್ಕನೆ ಬಿಡತ್ತೆ, ಆ ಎಳೆತಕ್ಕೆ ರಸ ಎಲ್ಲ ಅಂಗಿ ಮೇಲೆ. ಟಿನ್ನು ಗಟ್ಟಿ, ಇಲಿ ಕಡಿಯಲ್ಲ, ನಿಜ. ಆದ್ರೆ ರಿಂಗ್ ಎತ್ತೋಕೆ ಉಗುರು ಬೇಕು, ಬೆರಳು ಗಂಟು ನೋವಿರೋ ಹಿರಿಯರಿಗೆ ಆಗಲ್ಲ, ತೆರೆದ ಮೇಲೆ ಅಂಚು ಬ್ಲೇಡು. ಪೌಚ್ ಚಪ್ಪಟೆ ಇರೋದ್ರಿಂದ ಶಾಖ ನಡುವಿಗೆ ಬೇಗ ಮುಟ್ಟತ್ತೆ, ಬೇಯಿಸೋ ಹೊತ್ತು ಕಮ್ಮಿ, ಮಾಂಸದ ತುಂಡು ಹಿಟ್ಟಾಗಲ್ಲ.

ತೆರೆಯೋದು: ನೈಲಾನ್ ಪದರ ಇರೋದಕ್ಕೇ ಪೌಚ್ ಹರಿಯೋಕೆ ಹಠ ಮಾಡೋದು, ಹರಿದ್ರೂ ಅಡ್ಡಕ್ಕೆ ಹೋಗಬೇಕಾದ್ದು ಓರೆಯಾಗಿ ಕೆಳಗಿಳಿದು ಒಂದು ಮೂಲೆ ಕಿತ್ತು ಬರತ್ತೆ. ಬರೀ ಒಂದು ಕಚ್ಚು ಹಾಕಿ ಬಿಟ್ರೆ ಸಾಲದು. ಹೊರಗಿನ ಪಾಲಿಯೆಸ್ಟರ್ ಪದರಕ್ಕೆ ಮಾತ್ರ ತಾಗೋ ಹಂಗೆ ಲೇಸರಲ್ಲಿ ಗೆರೆ ಕೊಯ್ಸಿ, ಫಾಯಿಲ್ ಮುಟ್ಟಬಾರದು. ಆ ಗೆರೆ ಹಿಡಿದು ನೆಟ್ಟಗೆ ಹರೀತದೆ. ಕಚ್ಚು ಎರಡೂ ಬದಿಗೆ ಇರಲಿ, ಎಡಗೈಯವರೂ ಇದಾರೆ. ಸೀಲಿಂದ ಮೇಲೆ ಹಿಡ್ಕೊಳ್ಳೋಕೆ ಹೆಬ್ಬೆರಳು ಕೂರೋವಷ್ಟು ಜಾಗ ಬಿಡಿ, ಅದು ನಯವಾಗಿ ಹೊಳೀಬಾರದು, ಒರಟು ಮ್ಯಾಟ್ ಫಿನಿಶ್ ಇದ್ರೆ ಒದ್ದೆ ಕೈಯಲ್ಲೂ ಜಾರಲ್ಲ. ಗ್ರೇವಿ ಮಟ್ಟಕ್ಕೂ ಹರಿಯೋ ಗೆರೆಗೂ ನಡುವೆ ಅಂತರ ಇರಲೇಬೇಕು, ಇಲ್ದಿದ್ರೆ ಹರಿಯೋವಾಗ ಒತ್ತಿ ಹಿಡಿದಿರೋ ಕೈಗೇ ರಸ ಉಕ್ಕತ್ತೆ. ಹಂಗಂತ ಒಳಗೆ ಗಾಳಿ ಬಿಟ್ಟು ಸೀಲ್ ಮಾಡಬೇಡಿ, ಗಾಳಿ ಇದ್ರೆ ರಿಟಾರ್ಟಲ್ಲಿ ಪೌಚ್ ಊದಿ ಸೀಲ್ ಬಿಡತ್ತೆ. ಸೀಲ್ ಆಗೋ ಜಾಗಕ್ಕೆ ಒಂದು ಹನಿ ಎಣ್ಣೆ, ಒಂದು ಎಳೆ ಮಾಂಸ ತಾಗಿದ್ರೂ ಅಲ್ಲೇ ಲೀಕು. ಗ್ರೇವಿ ತುಂಬೋ ನಾಜಲ್ ಹನಿ ಬಿಡದಂಗೆ ನೋಡ್ಕೊಳ್ಳೋದು ಡಿಸೈನಿನಷ್ಟೇ ಮುಖ್ಯ.

ಆದ್ರೆ ನಾನು ಒತ್ತಿ ಹೇಳಬೇಕು ಅಂತಿರೋದು ಇದು: ಎಲ್ರೂ ತೆರೆಯೋದರ ಬಗ್ಗೆನೇ ಯೋಚನೆ ಮಾಡ್ತಾರೆ, ಜನರಿಗೆ ನಿಜವಾಗಿ ಬೇಜಾರಾಗೋದು ಖಾಲಿ ಮಾಡೋವಾಗ. ಉದ್ದನೆ ಕಿರಿದು ಪೌಚಾದ್ರೆ ಚಮಚ ತಳಕ್ಕೆ ಹೋಗೋವಾಗ ಬೆರಳ ಗಂಟಿನ ತನಕ ಗ್ರೇವಿ ಮೆತ್ತತ್ತೆ. ಕೆಳಗಿನ ಮಡಿಕೆಯ ಎರಡು ಮೂಲೇಲಿ ಜೆಲ್ಲಿ ಕೂತಿರತ್ತೆ, ಹಿಂಡಿದ್ರೂ ಬರಲ್ಲ. ಹಂಗಾಗಿ ಪೌಚ್ ಅಗಲ ಜಾಸ್ತಿ ಆಳ ಕಮ್ಮಿ ಮಾಡಿ, ಉದ್ದದ ಬದಿಗೇ ಬಾಯಿ ಕೊಡಿ, ತಳದ ಮೂಲೆಗಳ ಸೀಲ್ ದುಂಡಗಿರಲಿ, ತುಂಡುಗಳು ಬಾಯಿಗಿಂತ ಎಷ್ಟೋ ಸಣ್ಣ ಇರಲಿ. ಸ್ಯಾಂಪಲ್ ಬಂದ ಕೂಡ್ಲೇ ಅಡುಗೆಮನೆ ತಕ್ಕಡಿ ಇಟ್ಕೊಂಡು, ಒಬ್ಬರ ಹತ್ರ ಮಾಮೂಲಿಯಾಗಿ ಬಟ್ಟಲಿಗೆ ಹಿಂಡಿಸಿ, ಆ ಖಾಲಿ ಪೌಚ್ ತೂಕ ಮಾಡಿ. ಆಮೇಲೆ ಅದನ್ನೇ ತೊಳೆದು ಒಣಗಿಸಿ ಮತ್ತೆ ತೂಕ ಮಾಡಿ. ವ್ಯತ್ಯಾಸ 4 ಗ್ರಾಂ ಬಂತು ಅಂದ್ರೆ 80 ಗ್ರಾಂ ಪೌಚಲ್ಲಿ ನೂರಕ್ಕೆ 5 ಪಾಲು ಕಸಕ್ಕೆ ಹೋಯ್ತು, ವಾಸನೆ ಹೊಡೆಯೋದೂ ಅದೇ, ಇರುವೆ ಬರೋದೂ ಅದಕ್ಕೇ.

ಅಳತೆ: ಬೆಕ್ಕಿಗೆ ಮಾರ್ಕೆಟ್ಟಲ್ಲಿ 70ರಿಂದ 85 ಗ್ರಾಂ ಇದೆ, ಒಂದು ಹೊತ್ತಿಗೆ ಮುಗಿಯೋ ಲೆಕ್ಕ. ನೀವೂ ಅಲ್ಲೇ ಇರಿ.

ತೀರ್ಥಹಳ್ಳಿ ಕಡೆಯಿಂದ:
ಮೇಲಿನವರು ಹೇಳಿದ ಒಂದು ಹೊತ್ತಿನ ಅಳತೆಗೆ ನಂದೂ ಒಂದು ಓಟು, ಯಾಕೆ ಅಂತ ಹೇಳ್ತೀನಿ. ನಮ್ಮ ಊರಲ್ಲಿ ಜೂನ್ ಹಿಡೀತು ಅಂದ್ರೆ ಗಾಳಿ ಮಳೆಗೆ ಮರ ಬಿದ್ದು ಕರೆಂಟ್ ಹೋದ್ರೆ ಯಾವಾಗ ಬರತ್ತೆ ಅಂತಿಲ್ಲ. ಫ್ರಿಜ್ ಇದ್ದೂ ಇಲ್ಲದಂಗೆ. ಅರ್ಧ ಉಳಿದ ಪ್ಯಾಕೆಟ್ ಎಲ್ಲಿಡೋದು ಮಾರಾಯ್ರೇ? ದೊಡ್ಡ ಟಿನ್ ಅಗ್ಗ ಅಂತ ತಂದ್ರೆ ಕೊನೇಗೆ ಅರ್ಧ ತೋಟದ ಗುಂಡಿಗೇ. ಇನ್ನು ಫ್ರಿಜ್ಜಲ್ಲಿ ಇಟ್ಟಿದ್ದನ್ನ ಹಂಗೇ ಹಾಕಿದ್ರೆ ಬೆಕ್ಕು ಮೂಸಿ ನೋಡಿ ಹೋಗತ್ತೆ, ತಣ್ಣಗಿದ್ರೆ ಅದಕ್ಕೆ ವಾಸನೆ ಹತ್ತಲ್ಲ, ಮೈ ಬಿಸಿಯಷ್ಟು ಬೆಚ್ಚಗಿದ್ರೆ ಖುಷೀಲಿ ತಿನ್ನತ್ತೆ. ನಾನು ಮಳೆಗಾಲದಲ್ಲಿ ತೆರೆಯದ ಪೌಚನ್ನೇ ಬಚ್ಚಲು ಹಂಡೆಯ ಬಿಸಿನೀರು ಒಂದು ಚೊಂಬು ತಗೊಂಡು ಅದ್ರಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಡ್ತೀನಿ. ಇದನ್ನ ನಿಮ್ಮ ಪ್ಯಾಕೆಟ್ ಹಿಂದೆ ಚಿತ್ರ ಸಮೇತ ಹಾಕಿ, ಫಾಯಿಲ್ ಇರೋ ಪೌಚ್ ಮೈಕ್ರೋವೇವಿಗೆ ಇಡಬೇಡಿ ಅಂತಾನೂ ಹಾಕಿ, ಕನ್ನಡದಲ್ಲೇ ಹಾಕಿ.

ಇನ್ನೊಂದು ಮಾತು, ಇದು ನಮ್ಮ ಕಡೆಯವರಿಗೆ ಮಾತ್ರ ಅರ್ಥ ಆಗೋದೇನೋ. ನಮ್ಮದು ಮಾಂಸ ಮಾಡದ ಮನೆ. ಬೆಕ್ಕಿಗೆ ಏನೂ ಅಡ್ಡಿ ಇಲ್ಲ, ಆದ್ರೆ ಆ ಪ್ಯಾಕೆಟ್ ಅಡುಗೆಮನೆ ಹೊಸ್ತಿಲು ದಾಟಂಗಿಲ್ಲ, ಅತ್ತೆಯವರು ಒಪ್ಪಲ್ಲ, ಅವರ ಮನಸ್ಸು ನೋಯಿಸೋಕೆ ನನಗೂ ಇಷ್ಟ ಇಲ್ಲ. ಹಿಂದಿನ ಜಗಲೀಲಿ ಇಟ್ಟು ಅಲ್ಲೇ ಹಾಕಬೇಕು. ಅಂದ್ರೆ ಅಡುಗೆಮನೆ ಕತ್ತರಿ ಮುಟ್ಟಂಗಿಲ್ಲ, ಚಮಚ ಮುಟ್ಟಂಗಿಲ್ಲ, ಕೈಗೆ ಮೆತ್ತಿದ್ರೆ ನಲ್ಲಿಗೆ ಅಂತ ಒಳಗೆ ಓಡಂಗಿಲ್ಲ. ಇಂಥ ಮನೆಗಳು ಮಲೆನಾಡಲ್ಲಿ ಎಷ್ಟಿಲ್ಲ! ಕತ್ತರಿ ಚಮಚ ಎರಡೂ ಇಲ್ಲದೆ, ಕೆಳಗಿಂದ ಮೇಲಕ್ಕೆ ಹಿಂಡಿದ್ರೆ ಪೂರ್ತಿ ಬಟ್ಟಲಿಗೆ ಬೀಳೋ ಪ್ಯಾಕೆಟ್ ಮಾಡಿಕೊಡಿ, ನಾನೇ ಮೊದಲ ಗಿರಾಕಿ. ಈಗ ತರೋ ಒಂದು ಪೌಚು ಎಷ್ಟು ಗಟ್ಟಿ ಅಂದ್ರೆ ಹಲ್ಲಲ್ಲಿ ಕಚ್ಚಬೇಕು, ಮೀನಿನ ಪ್ಯಾಕೆಟ್ ನಾನು ಹಲ್ಲಲ್ಲಿ ಕಚ್ಚೋದಾ?

ಮತ್ತೆ ಮಂಗ. ಜಗಲೀಲಿ ಇಟ್ಟ ಪ್ಯಾಕೆಟ್ ಎತ್ಕೊಂಡು ಹೋಗ್ತಾವೆ, ಹಂಗಾಗಿ ಹತ್ತು ಹನ್ನೆರಡು ಪೌಚನ್ನ ಮುಚ್ಚಳ ಇರೋ ಡಬ್ಬೀಲಿ ಕೊಟ್ರೆ ಅದನ್ನೇ ಹೊರಗೆ ಇಟ್ಕೋಬಹುದು.

ಸಾಗರದಿಂದ, ಪೆಟ್ ಅಂಗಡಿ:
ನಾವು ಮಾರೋರು, ನಮ್ಮ ಕಷ್ಟ ಬೇರೆ. ಒಂದನೇದು, ಹೊರಗಿನ ರಟ್ಟಿನ ಪೆಟ್ಟಿಗೆ. ಮಳೆಗಾಲದಲ್ಲಿ ಬಸ್ಸಲ್ಲಿ ಪಾರ್ಸೆಲ್ ಬಂದು ಇಳಿಯೋ ಹೊತ್ತಿಗೆ ರಟ್ಟು ಒದ್ದೆ ಹಪ್ಪಳ ಆಗಿರತ್ತೆ, ಕೆಳಗಿನ ಸಾಲಿನ ಪೌಚ್ ಮೇಲೆ ಪೂರಾ ಭಾರ. ಒಳಗೆ ಒಂದು ಪ್ಲಾಸ್ಟಿಕ್ ಚೀಲ ಹಾಕಿ ಆಮೇಲೆ ಪೆಟ್ಟಿಗೇಲಿ ತುಂಬಿ, ರಟ್ಟು ದಪ್ಪದ್ದೇ ತಗೊಳ್ಳಿ. ಕಾಗದದ ಲೇಬಲ್ ಅಂಟಿಸೋ ಯೋಚನೆ ಇದ್ರೆ ಬಿಟ್ಬಿಡಿ, ಬೂಸ್ಟು ಬಂದು ಸುರುಳಿ ಸುತ್ಕೊಂಡು ಉದುರತ್ತೆ. ಪೌಚ್ ಮೇಲೇ ಪ್ರಿಂಟ್ ಇರಬೇಕು. ಟಿನ್ನಾದ್ರೆ ಅಂಚಲ್ಲಿ ತುಕ್ಕು ಶುರುವಾಗತ್ತೆ, ತುಕ್ಕು ನೋಡಿದ ಗಿರಾಕಿ ವಾಪಸ್ ಇಟ್ಟು ಹೋಗ್ತಾರೆ.

ಎರಡನೇದು ತಾರೀಖು. ಕೆಲವು ಪೌಚಲ್ಲಿ ತಿಂಗಳು ವರ್ಷ ಕೈ ತಾಗಿದ್ರೆ ಅಳಿಸಿ ಹೋಗತ್ತೆ, ಆಮೇಲೆ ಅಳತೆ ತೂಕದವರು ಬಂದಾಗ ಉತ್ತರ ಹೇಳೋದು ನಾವು. 2011ರ ಲೀಗಲ್ ಮೆಟ್ರಾಲಜಿ ಪ್ಯಾಕೇಜ್ ನಿಯಮದ ಪ್ರಕಾರ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು ವರ್ಷ, ಎಂಆರ್‌ಪಿ, ದೂರು ಹೇಳೋ ನಂಬರ್ ಎಲ್ಲ ಸ್ಪಷ್ಟ ಇರಬೇಕು. ಪೆಟ್ ಫುಡ್ಡಿಗೆ ಭಾರತೀಯ ಮಾನಕ ಬ್ಯೂರೋ, ಅಂದ್ರೆ ಬಿಐಎಸ್‌ನ ಐಎಸ್ 11968 ಅಂತ ಮಾನದಂಡನೂ ಇದೆ, ತರಿಸಿ ಓದಿ. ಹರಿದು ಬಿಸಾಡೋ ಪಟ್ಟಿ ಮೇಲೆ ಮಾತ್ರ ತಾರೀಖು ಹಾಕಬೇಡಿ.

ಮೂರು, ಕೋಳಿ ಯಾವುದು ಮೀನು ಯಾವುದು ಅಂತ ದೂರದಿಂದ ಬಣ್ಣ ನೋಡಿ ಗೊತ್ತಾಗಬೇಕು. ಬೆಕ್ಕಿಂದು ನಾಯಿದು ಅಂತೂ ಖಂಡಿತ ಬೇರೆ ಕಾಣಬೇಕು, ಬೆಕ್ಕಿಗೆ ಟಾರಿನ್ ಅನ್ನೋ ಪೋಷಕಾಂಶ ಬೇಕೇ ಬೇಕು, ನಾಯಿದು ತಗೊಂಡು ಹೋಗಿ ತಿಂಗಳುಗಟ್ಟಲೆ ಬೆಕ್ಕಿಗೆ ಹಾಕೋರಿದಾರೆ. ಮತ್ತೆ ಊದಿಕೊಂಡ ಪೌಚ್ ಒಂದು ಕಂಡ್ರೂ ಮಾರಬೇಡಿ, ಪ್ರಶ್ನೆ ಇಲ್ಲದೆ ವಾಪಸ್ ತಗೊಳ್ತೀವಿ ಅಂತ ಅಂಗಡಿಯವರಿಗೆ ಬರೆದುಕೊಡಿ. ಆ ಭರವಸೆ ಕೊಟ್ರೆ ನಾವು ಧೈರ್ಯವಾಗಿ ಇಟ್ಕೋತೀವಿ.

ಗೋಪಾಳ, ಶಿವಮೊಗ್ಗ:
ಇಷ್ಟೊಂದು ಬರೆದಿದ್ದಕ್ಕೆ ಎಲ್ರಿಗೂ ತುಂಬಾ ಥ್ಯಾಂಕ್ಸ್. ಅಡುಗೆಮನೆ ಕತ್ತರಿ ವಿಷಯ ನಮಗೆ ಹೊಳೆದೇ ಇರಲಿಲ್ಲ. ಒಂದು ಕೇಳಬೇಕಿತ್ತು, ಪ್ಲಾಸ್ಟಿಕ್ ಬೇಡ ಅಂತ ತಂಗಿಗೆ ಬಹಳ ಆಸೆ, ನಮ್ಮ ಕಡೆ ಅಡಿಕೆ ಹಾಳೆ ಬಟ್ಟಲು ಬೇಕಾದಷ್ಟು ಸಿಗತ್ತೆ, ಅದ್ರಲ್ಲೇ ತುಂಬಿ ಮೇಲೆ ಫಾಯಿಲ್ ಸೀಲ್ ಮಾಡಿದ್ರೆ ಆಗಲ್ವಾ?

ಭದ್ರಾವತಿಯಿಂದ:
ನಿಮ್ಮ ತಂಗಿ ಆಸೆ ಒಳ್ಳೇದು, ಆದ್ರೆ ಆಗಲ್ಲ. ಹಾಳೆ ನಾರು ನಾರು, ಗಾಳಿ ನೀರು ಎರಡೂ ಒಳಗೆ ಬಿಡತ್ತೆ, ಅದರ ಮೈ ಉಬ್ಬುತಗ್ಗು ಇರೋದ್ರಿಂದ ಫಾಯಿಲ್ ಸೀಲ್ ಕೂರಲ್ಲ. ರಿಟಾರ್ಟಲ್ಲಿ ಒಂದು ಸಲ ಬೆಂದ್ರೆ ಮೆತ್ತಗಾಗಿ ಬಿಡತ್ತೆ. ಸೀಲ್ ಸರಿ ಇಲ್ಲದ ಮಾಂಸದ ಪ್ಯಾಕೆಟ್ ಅಪಾಯ. ಹಾಳೇನ ಬಡಿಸೋ ಬಟ್ಟಲಾಗಿ ಕೊಡಿ. ಹನ್ನೆರಡು ಪೌಚಿನ ಡಬ್ಬಿ ಜೊತೆ ಸಣ್ಣ ಹಾಳೆ ತಟ್ಟೆ ಒಂದಷ್ಟು ಇಡಿ, ತೀರ್ಥಹಳ್ಳಿಯವರ ಥರದ ಮನೆಗೆ ಅದು ದೊಡ್ಡ ಉಪಕಾರ, ತಿಂದಾದ ಮೇಲೆ ಗೊಬ್ಬರದ ಗುಂಡಿಗೆ ಹಾಕಿದ್ರಾಯ್ತು. ಚೆನ್ನಾಗಿ ಒಣಗಿದ ಹಾಳೇನೇ ಇಡಿ, ಇಲ್ಲ ಅಂದ್ರೆ ಮಳೆಗಾಲದಲ್ಲಿ ಬೂಸ್ಟು.

ಪ್ಲಾಸ್ಟಿಕ್ ಬಗ್ಗೆ ಕಾಳಜಿ ಇದ್ರೆ ಎರಡು ಕೆಲಸ ಮಾಡಬಹುದು. ಹರಿಯೋ ಪಟ್ಟಿ ಪೂರ್ತಿ ಕಿತ್ತು ಬರದೆ ಒಂದು ತುದೀಲಿ ಅಂಟಿಕೊಂಡೇ ಇರೋ ಹಂಗೆ ಲೇಸರ್ ಗೆರೇನ ಬದಿಯ ಸೀಲ್ ಹತ್ರ ನಿಲ್ಲಿಸಿ, ಕಚ್ಚು ಎರಡೂ ಬದಿಗಿದ್ರೆ ಇದನ್ನ ಹೆಂಗೆ ಮಾಡೋದು ಅಂತ ಪೌಚ್ ಮಾಡೋರನ್ನ ಕೇಳಿ. ಹಾಲಿನ ಪ್ಯಾಕೆಟ್ಟಿನ ಮೂಲೆ ಚೂರು ಹೆಂಗೆ ಎಲ್ಲಂದ್ರಲ್ಲಿ ಬಿದ್ದಿರತ್ತೆ ಗೊತ್ತಲ್ಲ, ಅಂಥ ಸಣ್ಣ ಚೂರನ್ನ ಯಾರೂ ಆಯಲ್ಲ. ಇನ್ನೊಂದು, ಫಾಯಿಲ್ ಸೇರಿರೋ ಬಹುಪದರದ ಪೌಚ್ ಮರುಬಳಕೆ ಕಷ್ಟ, 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮದಲ್ಲಿ ಬ್ರ್ಯಾಂಡಿನವರ ಮೇಲೂ ಜವಾಬ್ದಾರಿ ಇದೆ. ಪೂರ್ತಿ ಪಾಲಿಪ್ರೊಪಿಲೀನಲ್ಲೇ ಮಾಡಿ ಮೇಲೆ ತೆಳುವಾಗಿ ಗಾಳಿ ತಡೆಯೋ ಲೇಪನ ಕೊಟ್ಟಿರೋ ರಿಟಾರ್ಟ್ ಪೌಚ್ ಈಗ ಬಂದಿದಾವೆ, ರೇಟು ಜಾಸ್ತಿ, ಆದ್ರೂ ಕೊಟೇಶನ್ ತರಿಸಿ ನೋಡಿ. ಅದ್ರಲ್ಲಿ ಗ್ರೇವಿ ಎಷ್ಟು ತಿಂಗಳು ತಡೀತದೆ ಅಂತ ನಿಮ್ಮ ರೆಸಿಪಿ ಹಾಕಿ ಇಟ್ಟೇ ನೋಡಬೇಕು, ಪೌಚ್ ಮಾರೋರ ಮಾತಿನ ಮೇಲೆ ತಾರೀಖು ಹಾಕಬೇಡಿ.

ಖಾಲಿ ಪೌಚ್ ಸ್ಯಾಂಪಲ್ ತರಿಸಿದಾಗ ಎರಡು ಮೂರು ಅಳತೆದು ತರಿಸಿ, ನೀರು ತುಂಬಿ ಸೀಲ್ ಮಾಡ್ಸಿ, ಅಕ್ಕಪಕ್ಕದ ಮನೆ ಅಜ್ಜ ಅಜ್ಜಿಯರ ಕೈಗೆ ಸೋಪು ಹಚ್ಚಿಸಿ ತೆರೀರಿ ಅಂತ ಕೊಡಿ, ಹೆಂಗೆ ತೆರೆಯೋದು ಅಂತ ನೀವು ಹೇಳಿಕೊಡಬೇಡಿ, ಸುಮ್ನೆ ಪಕ್ಕದಲ್ಲಿ ನಿಂತು ಅವರ ಹೆಬ್ಬೆರಳು ಮೊದಲು ಎಲ್ಲಿಗೆ ಹೋಗತ್ತೆ ಅಂತ ನೋಡಿ. ಕಚ್ಚು ಅಲ್ಲೇ ಇರಬೇಕು.