‘ನೋ’, ‘ಅಂಡರ್‌ಸ್ಟ್ಯಾಂಡ್’, ‘ರಿಯಲೈಸ್’: ಯಾವುದು ಎಲ್ಲಿಗೆ?

ಪ್ರಶ್ನೆ: ಮೇಡಂ, ನಮಸ್ಕಾರ. ಗ್ರಾಹಕರ ದೂರಿಗೆ ಉತ್ತರ ಬರೆಯುವಾಗ ‘ಐ ನೋ ಯುವರ್ ಪ್ರಾಬ್ಲಂ’ ಅನ್ನಬಹುದಾ, ‘ಐ ಅಂಡರ್‌ಸ್ಟ್ಯಾಂಡ್’ ಅಂತಲೇ ಬರೆಯಬೇಕಾ? ಎರಡೂ ಒಂದೇ ಅಲ್ವಾ? ‘ರಿಯಲೈಸ್’ ಬಂದರಂತೂ ಇನ್ನೂ ಗೊಂದಲ.

ಉತ್ತರ: ಖಂಡಿತ ಒಂದೇ ಅಲ್ಲ. ‘ಐ ನೋ ಯುವರ್ ಪ್ರಾಬ್ಲಂ’ ಅಂದರೆ ‘ನಿಮ್ಮ ಸಮಸ್ಯೆ ಏನಂತ ಗೊತ್ತು ಬಿಡಿ’ ಅಂದ ಹಾಗೆ ಕೇಳಿಸುತ್ತದೆ. ಮೊದಲೇ ಬೇಜಾರಿನಲ್ಲಿದ್ದವರಿಗೆ ಸಿಟ್ಟೇ ಬರುತ್ತದೆ. ‘ಐ ಅಂಡರ್‌ಸ್ಟ್ಯಾಂಡ್ ದ ಪ್ರಾಬ್ಲಂ’ ಅಂದಾಗ ನೀವು ಅವರ ಮಾತು ಕೇಳಿಸಿಕೊಂಡಿದ್ದೀರಿ ಅನ್ನೋದು ತಿಳಿಯುತ್ತದೆ. ಅಷ್ಟಕ್ಕೇ ನಿಲ್ಲಿಸಬೇಡಿ. ಪಾರ್ಸೆಲ್ ತಡವಾಗಿದ್ದರೆ ಅದನ್ನೇ ಮುಂದಿನ ಸಾಲಿನಲ್ಲಿ ಬರೆಯಿರಿ. ಆಗಲೇ ನಂಬಿಕೆ ಬರೋದು.

ಸಂಗತಿ ಗೊತ್ತಿದ್ದರೆ ‘ನೋ’ ಸಾಕು. ಅದರ ಕಾರಣ ತಲೆಗೆ ಹತ್ತಿದಾಗ ‘ಅಂಡರ್‌ಸ್ಟ್ಯಾಂಡ್’. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ ಅನ್ನೋದು ‘ನೋ’. ಎತ್ತರದ ಬೆಟ್ಟದಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಅಲ್ಲಿ ಇನ್ನೂ ಬೇಗ ಕುದಿಯುತ್ತದೆ ಅಂತ ಬಿಡಿಸಿ ಹೇಳಬಲ್ಲವರು ‘ಅಂಡರ್‌ಸ್ಟ್ಯಾಂಡ್’ ಮಾಡಿದ್ದಾರೆ.

‘ರಿಯಲೈಸ್’ ಅಂದರೆ ಥಟ್ಟನೆ ಹೊಳೆಯೋದು. ‘ಐ ರಿಯಲೈಸ್ಡ್ ದ ಡೋರ್ ವಾಸ್ ಓಪನ್’ ಅಂದರೆ ಅಲ್ಲಿವರೆಗೆ ಗಮನ ಹೋಗಿರಲಿಲ್ಲ ಅಂತ. ಮತ್ತೆ, ಬಾಗಿಲು ನಿಜವಾಗಿಯೂ ತೆರೆದಿರಲೇಬೇಕು! ಮುಚ್ಚಿದ್ದರೆ ‘ಐ ಥಾಟ್’ ಅನ್ನಬೇಕು, ‘ರಿಯಲೈಸ್ಡ್’ ಸಲ್ಲದು. ‘ಅಂಡರ್‌ಸ್ಟ್ಯಾಂಡ್’ಗೆ ಈ ಕಟ್ಟು ಇಲ್ಲ. ‘ಐ ಅಂಡರ್‌ಸ್ಟ್ಯಾಂಡ್ ಯು ಆರ್ ಲೀವಿಂಗ್’ ಅಂದರೆ ‘ನೀವು ಹೊರಡ್ತೀರಂತೆ’ ಅಷ್ಟೇ. ನಮ್ಮ ‘ಅಂತೆ’ಯ ಕೆಲಸವನ್ನು ಅಲ್ಲಿ ಅದು ಮಾಡುತ್ತದೆ. ನನಗೆ ತುಂಬ ಇಷ್ಟವಾದ ಬಳಕೆ ಇದು.

ಇನ್ನೊಬ್ಬ ಸದಸ್ಯರು: ‘ಐ ಕೇಮ್ ಟು ನೋ ದಟ್ ಯು ಆರ್ ಇಲ್’ ಅಂತ ನಾವೆಲ್ಲ ಬರೀತೀವಿ. ತಪ್ಪಾ ಮೇಡಂ? ‘ಕಾಂಪ್ರಿಹೆಂಡ್’ ಎಲ್ಲಿ ಹಾಕೋದು?

ಉತ್ತರ: ‘ಗೊತ್ತಾಯಿತು’ ಅನ್ನೋದನ್ನು ಹಾಗೇ ಇಂಗ್ಲಿಷಿಗೆ ತಂದಿದ್ದೇವೆ. ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಹೊರಗಿನವರು ಇಂಥ ಕಡೆ ‘ಐ ಹರ್ಡ್’ ಅಥವಾ ‘ಐ ಫೌಂಡ್ ಔಟ್’ ಅನ್ನೋದೇ ಜಾಸ್ತಿ. ಅವರ ‘ಕೇಮ್ ಟು ನೋ’ ನಿಧಾನದ ಮಾತು. ಒಬ್ಬ ಮನುಷ್ಯನ ಜತೆ ಒಡನಾಡುತ್ತಾ ವರ್ಷಗಳಲ್ಲಿ ಪರಿಚಯ ಗಟ್ಟಿಯಾಯಿತಲ್ಲ, ಅಂಥದ್ದಕ್ಕೆ. ‘ಐ ಆಮ್ ನೋಯಿಂಗ್’ ಮಾತ್ರ ಬೇಡವೇ ಬೇಡ. ‘ಕಾಂಪ್ರಿಹೆಂಡ್’ ಸ್ವಲ್ಪ ಭಾರವಾದ ಪದ. ಮಾತಿನಲ್ಲಿ ಹೆಚ್ಚಾಗಿ ‘ಕಾಂಟ್’ ಜತೆಗೇ ಬರುತ್ತದೆ. ಮೇಲ್‌ಗೆ ಸುಮ್ನೆ ‘ಅಂಡರ್‌ಸ್ಟ್ಯಾಂಡ್’ ಸಾಕು.